ದಾವಣಗೆರೆಯ 1942ರ ಹುತಾತ್ಮರು: ಮಕ್ಕಳಿಗೆ ಗೊತ್ತಿರಬೇಕಾದ ಆರು ಹೆಸರು

ದಾವಣಗೆರೆ: ಹಳ್ಳೂರು ನಾಗಪ್ಪ, ಅಕ್ಕಸಾಲಿ ವಿರೂಪಾಕ್ಷಪ್ಪ, ಹಮಾಲಿ ತಿಮ್ಮಣ್ಣ, ಬಿದರಕುಂದಿ ನಿಂಗಪ್ಪ, ಹದಡಿ ನಿಂಗಪ್ಪ, ಮಾಗಾನಹಳ್ಳಿ ಹನುಮಂತಪ್ಪ. 1942ರ ಕ್ವಿಟ್ ಇಂಡಿಯಾ ಚಳವಳಿ ವೇಳೆ ದಾವಣಗೆರೆಯಲ್ಲಿ ಪೊಲೀಸರ ಗುಂಡಿಗೆ ಬಲಿಯಾದ ಆರು ಜನ ಇವರು.

ಅದು ಎರಡನೇ ಮಹಾಯುದ್ಧದ ಕಾಲ. ಭಾರತೀಯರನ್ನು ಕೇಳದೆಯೇ ಬ್ರಿಟಿಷ್ ಸರ್ಕಾರ 1939ರಲ್ಲಿ ದೇಶವನ್ನು ಯುದ್ಧಕ್ಕೆ ಎಳೆದಿತ್ತು. ಇದನ್ನು ವಿರೋಧಿಸಿ 1940ರ ಅಕ್ಟೋಬರ್ 17ರಂದು ವೈಯಕ್ತಿಕ ಸತ್ಯಾಗ್ರಹ ಶುರುವಾಯ್ತು. ಗಾಂಧೀಜಿ ಮೊದಲ ಸತ್ಯಾಗ್ರಹಿಯಾಗಿ ಆರಿಸಿದ್ದು ವಿನೋಬಾ ಭಾವೆ ಅವರನ್ನು. ನಮ್ಮ ವಿನೋಬನಗರಕ್ಕೆ ಇರೋದು ಇದೇ ವಿನೋಬಾ ಹೆಸರು.

1942ರ ಆಗಸ್ಟ್ 8ರಂದು ಮುಂಬೈ ಕಾಂಗ್ರೆಸ್ ಅಧಿವೇಶನದಲ್ಲಿ ಗಾಂಧೀಜಿ ‘ಮಾಡು ಇಲ್ಲವೇ ಮಡಿ’ ಎಂದರು. ಮರುದಿನ ಬೆಳಗಾಗುವಷ್ಟರಲ್ಲಿ ದೊಡ್ಡ ನಾಯಕರೆಲ್ಲ ಜೈಲು ಸೇರಿದ್ದರು. ಆಮೇಲೆ ಚಳವಳಿ ನಡೆಸಿದ್ದು ಊರೂರಿನ ಸಾಮಾನ್ಯ ಜನ. ಆಗ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿದ್ದ ದಾವಣಗೆರೆಯೂ ಸುಮ್ಮನಿರಲಿಲ್ಲ. ಅದೇ ವರ್ಷ ಪಕ್ಕದ ಶಿವಮೊಗ್ಗ ಜಿಲ್ಲೆಯ ಈಸೂರು ಸಿಡಿದೆದ್ದಿತು. ಅಲ್ಲಿನ ಐವರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಲಾಯ್ತು. ಹುಬ್ಬಳ್ಳಿಯಲ್ಲಿ ಗುಂಡಿಗೆ ಬಲಿಯಾದ ನಾರಾಯಣ ಡೋಣಿ ಇನ್ನೂ ಶಾಲೆಗೆ ಹೋಗುವ ವಯಸ್ಸಿನ ಹುಡುಗ.

ಹೆಸರೇ ಯಾಕೆ ಮುಖ್ಯ?

ಮೊದಲ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನ ಶಾಲೆಗಳು ಯುದ್ಧದಲ್ಲಿ ಸತ್ತ ಹಳೆಯ ವಿದ್ಯಾರ್ಥಿಗಳ ಹೆಸರನ್ನು ಗೋಡೆ ಮೇಲೆ ಕೆತ್ತಿಸಿದವು. ಅದೇ ಯುದ್ಧಕ್ಕೆ ಜನರನ್ನು ಕಳಿಸಿದ ಭಾರತದ ಹಳ್ಳಿಗಳಲ್ಲಿ ಸರ್ಕಾರ ಹಾಕಿಸಿದ ಎಷ್ಟೋ ಕಲ್ಲುಗಳಲ್ಲಿ ಇರೋದು ಬರೀ ಲೆಕ್ಕ: ಈ ಊರಿಂದ ಇಷ್ಟು ಜನ ಹೋದರು, ಇಷ್ಟು ಜನ ಸತ್ತರು. ಹೆಸರಿಲ್ಲ.

ದಾವಣಗೆರೆಯ ಪಟ್ಟಿ ಹಾಗಲ್ಲ. ಇಲ್ಲಿ ಊರೂ ಇದೆ, ಕಸುಬೂ ಇದೆ. ಹದಡಿ, ಮಾಗಾನಹಳ್ಳಿ ನಮ್ಮ ತಾಲ್ಲೂಕಿನವೇ. ಹಮಾಲಿ, ಅಕ್ಕಸಾಲಿ ಅನ್ನೋದು ಪೇಟೆಯಲ್ಲಿ ದಿನಾ ಕಿವಿಗೆ ಬೀಳುವ ಮಾತು. ಆರರಲ್ಲಿ ಇಬ್ಬರು ನಿಂಗಪ್ಪ. ಹದಡಿಯವರು ಯಾರು, ಬಿದರಕುಂದಿಯವರು ಯಾರು ಅಂತ ಊರಿನ ಹೆಸರಿಂದಲೇ ತಿಳಿಯುತ್ತೆ. ‘ಆರು ಜನ ಸತ್ತರು’ ಅಂತ ಬರೆದು ಬಿಟ್ಟಿದ್ದರೆ ಇದ್ಯಾವುದೂ ಉಳಿಯುತ್ತಿರಲಿಲ್ಲ.

ಆಗಸ್ಟ್ 15 ಬಂತೆಂದರೆ ಶಾಲೆಗಳಲ್ಲಿ ಗಾಂಧಿ, ನೆಹರೂ, ಬೋಸ್ ಬಗ್ಗೆ ಮಕ್ಕಳು ಭಾಷಣ ಮಾಡ್ತಾರೆ, ಮಾಡಲಿ. ಜತೆಗೆ ಈ ಆರು ಹೆಸರನ್ನೂ ಕಪ್ಪುಹಲಗೆ ಮೇಲೆ ಬರೆದು ಒಮ್ಮೆ ಓದಿಸಿದರೆ ಒಂದು ನಿಮಿಷವೂ ಹಿಡಿಯಲ್ಲ.