ಕಂಪನಿ ಮುಚ್ಚಿ 50 ವರ್ಷ ಆಯ್ತು, ಕ್ಯಾಮೆರಾ ಇನ್ನೂ ಕೆಲಸ ಮಾಡ್ತಿದೆ: ಒಂದು ಫಿಲ್ಮ್ ಹೋಲ್ಡರ್ ಹುಡುಕಿದ ಕಥೆ

ಇವತ್ತಿನ ಕಥೆ ಶುರುವಾಗೋದು ನಾನು ಮಾಡಿದ ಒಂದು ತಪ್ಪಿನಿಂದ.

ಹೋದ ವರ್ಷ ನನ್ನ ಕೈಗೆ ಒಂದು ಹಳೇ ಕ್ಯಾಮೆರಾ ಬಂತು. ಹೆಸರು ಪೇಸ್‌ಮೇಕರ್ ಸ್ಪೀಡ್ ಗ್ರಾಫಿಕ್. ಹಳೇ ಹಾಲಿವುಡ್ ಸಿನಿಮಾಗಳಲ್ಲಿ ಹ್ಯಾಟ್ ಹಾಕಿಕೊಂಡ ಪತ್ರಿಕಾ ಫೋಟೋಗ್ರಾಫರ್‌ಗಳು ಎರಡೂ ಕೈಯಲ್ಲಿ ಹಿಡಿದಿರ್ತಾರಲ್ಲ, ದೊಡ್ಡ ಡಬ್ಬದಂಥದ್ದು, ಅದೇ. ಅದರಲ್ಲಿ ರೋಲ್ ಇಲ್ಲ. 4×5 ಇಂಚಿನ ಒಂದೊಂದೇ ಫಿಲ್ಮ್ ಹಾಳೆಯನ್ನು ಹೋಲ್ಡರ್‌ನಲ್ಲಿಟ್ಟು, ಕ್ಯಾಮೆರಾ ಹಿಂದೆ ಸಿಕ್ಕಿಸಿ, ಒಂದೊಂದೇ ಫೋಟೋ ತೆಗೀಬೇಕು.

ಕ್ಯಾಮೆರಾ ಬಂತು, ಹೋಲ್ಡರ್ ಬರಲಿಲ್ಲ. ಹುಡುಕಿ ಒಂದನ್ನು ತರಿಸಿದೆ. ಅದರ ಮೇಲೆ ಗ್ರಾಫ್ಲೆಕ್ಸ್ ಅಂತ ಇತ್ತು, 4×5 ಅಂತಾನೂ ಇತ್ತು. ನನ್ನ ಕ್ಯಾಮೆರಾ ಮಾಡಿದ್ದೂ ಗ್ರಾಫ್ಲೆಕ್ಸ್ ಕಂಪನಿಯೇ. ಕೂರಲೇ ಬೇಕು ತಾನೇ? ಕೂರಲಿಲ್ಲ! ಒತ್ತಿದೆ, ತಿರುಗಿಸಿದೆ, ಉಲ್ಟಾ ಹಾಕಿ ನೋಡಿದೆ. ಊಹೂಂ.

ಯಾಕೆ ಅಂತ ತಿಳಿಯೋಕೆ ಅಮೆರಿಕದ ರೋಚೆಸ್ಟರ್ ಊರಿಗೆ ಹೋಗಬೇಕು, ನೂರು ವರ್ಷಕ್ಕಿಂತ ಹಿಂದಕ್ಕೆ.

1912ರಲ್ಲಿ ಅಲ್ಲಿ ಮೊದಲ ಸ್ಪೀಡ್ ಗ್ರಾಫಿಕ್ ಬಂತು. ಆಗ ಅದನ್ನು ಮಾಡುತ್ತಿದ್ದದ್ದು ಕೊಡಾಕ್ ಕಂಪನಿಯ ಒಳಗಿದ್ದ ಫೋಲ್ಮರ್ ಅಂಡ್ ಶ್ವಿಂಗ್ ಅನ್ನೋ ವಿಭಾಗ. ಮುಂದಿನ ನಾಲ್ಕೈದು ದಶಕ ಅಮೆರಿಕದ ಪತ್ರಿಕಾ ಛಾಯಾಗ್ರಹಣ ಅಂದ್ರೆ ಬಹುಪಾಲು ಇದೇ ಕ್ಯಾಮೆರಾ. 1945ರ ಫೆಬ್ರವರಿ 23ರಂದು ಇವೋ ಜಿಮಾ ದ್ವೀಪದಲ್ಲಿ ಸೈನಿಕರು ಬಾವುಟ ಎತ್ತುತ್ತಿರುವ ಆ ಪ್ರಸಿದ್ಧ ಚಿತ್ರವನ್ನು ಜೋ ರೋಸೆಂತಾಲ್ ತೆಗೆದದ್ದು ಸ್ಪೀಡ್ ಗ್ರಾಫಿಕ್‌ನಲ್ಲೇ.

ಆದರೆ ಅದೇ ಕಾರ್ಖಾನೆ ಇನ್ನೊಂದು ಬಗೆಯ ಕ್ಯಾಮೆರಾವನ್ನೂ ಮಾಡುತ್ತಿತ್ತು: ಒಳಗೆ ಕನ್ನಡಿ ಇಟ್ಟ, ಮೇಲಿನಿಂದ ಬಗ್ಗಿ ನೋಡುವ ಗ್ರಾಫ್ಲೆಕ್ಸ್. ಅದರ ಹೋಲ್ಡರ್‌ಗಳಲ್ಲಿ ಒಂದು ತಗ್ಗು ಗೆರೆ ಇರುತ್ತೆ. ಕ್ಯಾಮೆರಾದ ಉಬ್ಬು ಅದರೊಳಗೆ ಕೂರುತ್ತೆ. ಮಾಮೂಲಿ 4×5 ಹೋಲ್ಡರ್‌ನಲ್ಲಿ ಇದಕ್ಕೆ ಉಲ್ಟಾ, ಉಬ್ಬು ಹೋಲ್ಡರ್ ಮೇಲಿರುತ್ತೆ. ಒಂದೇ ಮನೆಯ ಎರಡು ಬಾಗಿಲು, ಎರಡಕ್ಕೂ ಬೇರೆ ಬೇರೆ ಬೀಗ. ನಾನು ಮನೆ ಹೆಸರು ನೋಡಿ ಕೀಲಿ ತಂದಿದ್ದೆ.

ನೀವು ಇದನ್ನು ಫೋನ್‌ನಲ್ಲಿ ಕೇಳ್ತಿದ್ದೀರಿ ಅಲ್ವಾ? ಚಾರ್ಜರ್ ನೆನಪಿಸಿಕೊಳ್ಳಿ. ಒಂದು ಕಾಲದಲ್ಲಿ ನೋಕಿಯಾದಲ್ಲೇ ದಪ್ಪ ಪಿನ್ ಬೇರೆ, ಸಣ್ಣ ಪಿನ್ ಬೇರೆ. ಈಗ ಟೈಪ್-ಸಿ ಬಂದ ಮೇಲೆ ಯಾರ ಮನೆಗೆ ಹೋದರೂ ಚಾರ್ಜ್ ಆಗುತ್ತೆ. ದೊಡ್ಡ ಕ್ಯಾಮೆರಾಗಳ ಲೋಕದಲ್ಲೂ ಹಾಗೆ ಒಂದು ಟೈಪ್-ಸಿ ಬಂದದ್ದು 1949ರ ಸುಮಾರಿಗೆ. ಅದರ ಹೆಸರು ಗ್ರಾಫ್ಲಾಕ್ ಬ್ಯಾಕ್.

ಅದು ಕೆಲಸ ಮಾಡೋದು ಹೀಗೆ. ಕ್ಯಾಮೆರಾ ಹಿಂಭಾಗದಲ್ಲಿ ಫೋಕಸ್ ನೋಡೋಕೆ ಒಂದು ಮಸುಕು ಗಾಜು ಇರುತ್ತೆ. ಹಿಂದಿನ ಮಾದರಿಗಳಲ್ಲಿ ಸ್ಪ್ರಿಂಗ್ ಹಿಡಿತದ ಆ ಗಾಜಿನ ಕೆಳಗೆ ಹೋಲ್ಡರ್ ತೂರಿಸಬೇಕಿತ್ತು, ಅಷ್ಟೇ. ಗ್ರಾಫ್ಲಾಕ್‌ನಲ್ಲಿ ಹೋಲ್ಡರ್ ಹಾಗೇ ತೂರುತ್ತೆ. ಜೊತೆಗೆ ಬೇಕಾದರೆ ಗಾಜಿನ ಚೌಕಟ್ಟನ್ನೇ ತೆಗೆದುಬಿಡಬಹುದು. ಆ ಜಾಗದಲ್ಲಿ ಬೇರೆ ಸಾಧನ ಇಟ್ಟು, ಎರಡು ಲೋಹದ ಪಟ್ಟಿ ಸರಿಸಿದರೆ ಬಿಗಿಯಾಗಿ ಲಾಕ್. 120 ರೋಲ್ ಫಿಲ್ಮ್ ಹಾಕುವ ಡಬ್ಬಿಯೂ ಕೂರುತ್ತೆ. ಬೇರೆ ಬೇರೆ ದೇಶಗಳ ತಯಾರಕರು ಇದೇ ಅಳತೆ ಹಿಡಿದರು. ಕಂಪನಿ ಕೈ ಬದಲಾಗುತ್ತಾ, ಕೊನೆಗೆ ಹೊಲಿಗೆ ಯಂತ್ರದ ಸಿಂಗರ್ ಕಂಪನಿಯ ಪಾಲಾಗಿ, 1973ರಲ್ಲಿ ಬಾಗಿಲು ಹಾಕಿತು. ಆ ಅಳತೆ ಮಾತ್ರ ಇವತ್ತಿಗೂ ಹೊಸ ಕ್ಯಾಮೆರಾಗಳಲ್ಲಿದೆ.

ಕಣ್ಣಿಗೆ ಕಾಣದ ಇನ್ನೊಂದು ಒಪ್ಪಂದ ಇದೆ. ಗಾಜಿನ ಮೇಲೆ ಫೋಕಸ್ ಮಾಡಿದ ಚಿತ್ರ ಫಿಲ್ಮ್ ಮೇಲೂ ಸ್ಪಷ್ಟವಾಗಿ ಬರಬೇಕಾದರೆ, ಗಾಜು ಇದ್ದ ಆಳದಲ್ಲೇ ಫಿಲ್ಮ್ ಕೂರಬೇಕು. 4×5 ಹೋಲ್ಡರ್‌ಗೆ ಆ ಆಳ 0.197 ಇಂಚು, ಅಂದ್ರೆ ಸರಿಸುಮಾರು 5 ಮಿಲಿಮೀಟರ್. ಅದಕ್ಕೇ ಯಾರೋ ಮಾಡಿದ ಹೋಲ್ಡರ್ ಇನ್ಯಾರದೋ ಕ್ಯಾಮೆರಾದಲ್ಲಿ ಸರಿಯಾಗಿ ಕೆಲಸ ಮಾಡುತ್ತೆ. ಹಳೇ ಸ್ಟುಡಿಯೋಗಳಲ್ಲಿ ಸಿಗುವ ಮರದ ಹಾಫ್ ಪ್ಲೇಟ್ ಕ್ಯಾಮೆರಾಗಳಿಗೆ ಈ ಭಾಗ್ಯ ಇಲ್ಲ. ಅವುಗಳ ಹೋಲ್ಡರ್‌ಗಳನ್ನು ಹೆಚ್ಚಾಗಿ ಆಯಾ ಕ್ಯಾಮೆರಾಕ್ಕೇ ಹೊಂದಿಸಿ ಮಾಡಿರುತ್ತಿದ್ದರು. ಹೋಲ್ಡರ್ ಕಳೆದುಹೋದರೆ ಕ್ಯಾಮೆರಾ ಶೋಕೇಸ್ ಸೇರಿತು ಅಂತಲೇ ಲೆಕ್ಕ.

ಈಗ ಮುಂಭಾಗಕ್ಕೆ ಬನ್ನಿ. ಲೆನ್ಸನ್ನು ಒಂದು ಚೌಕ ಹಲಗೆಗೆ ಬಿಗಿದು, ಆ ಹಲಗೆಯನ್ನು ಕ್ಯಾಮೆರಾಕ್ಕೆ ಹಾಕ್ತಾರೆ. ಇದು ಲೆನ್ಸ್ ಬೋರ್ಡ್. ಇಲ್ಲೂ ಅದೇ ಗುಂಡಿ: 1940ರಲ್ಲಿ ಬಂದ ಆನಿವರ್ಸರಿ ಮಾದರಿಯ ಬೋರ್ಡು 1947ರ ಪೇಸ್‌ಮೇಕರ್‌ಗೆ ಆಗಲ್ಲ. ಎರಡೂ ಸ್ಪೀಡ್ ಗ್ರಾಫಿಕ್ಕೇ, ಎರಡೂ 4×5! ಬೋರ್ಡಿನ ನಡುವಿನ ತೂತು ಮಾತ್ರ ಸಮಾಧಾನ ಕೊಡುತ್ತೆ. ಆಧುನಿಕ ಶಟರ್‌ಗಳಲ್ಲಿ ಮುಖ್ಯವಾಗಿ ಮೂರೇ ಅಳತೆ: ಕೋಪಾಲ್ 0, 1 ಮತ್ತು 3. ತೂತು ಸುಮಾರು 35, 42 ಮತ್ತು 65 ಮಿಲಿಮೀಟರ್. ಅಂಗಡಿಗೆ ಹೋಗುವಾಗ ಬ್ರ್ಯಾಂಡ್ ಹೆಸರಿನ ಬದಲು ಒಂದು ಸ್ಕೇಲ್ ಹಿಡಿದು ಹೋಗಿ ಅಂತ ಈಗ ನಾನು ಹೇಳೋದು ಇದಕ್ಕೇ.

ಸ್ಪೀಡ್ ಗ್ರಾಫಿಕ್‌ಗೆ ಇನ್ನೊಂದು ಶಕ್ತಿ ಇದೆ. ಫಿಲ್ಮಿನ ಮುಂದೆಯೇ ಬಟ್ಟೆಯ ಪರದೆಯಂಥ ಶಟರ್ ಇದೆ, ಸೆಕೆಂಡಿನ ಸಾವಿರದ ಒಂದು ಭಾಗದವರೆಗೂ ಓಡುತ್ತೆ. ಹಾಗಾಗಿ ಸ್ವಂತ ಶಟರ್ ಇಲ್ಲದ ಹಳೇ ಲೆನ್ಸನ್ನೂ ಹಾಕಬಹುದು. ಡೇವಿಡ್ ಬರ್ನೆಟ್ ಅನ್ನೋ ಪತ್ರಿಕಾ ಛಾಯಾಗ್ರಾಹಕರು 2012ರ ಲಂಡನ್ ಒಲಿಂಪಿಕ್ಸ್‌ಗೂ ಇದನ್ನು ಹೊತ್ತು ಹೋಗಿದ್ದರು. ಕೊಳ್ಳುವಾಗ ಹುಷಾರು: ನೋಡೋಕೆ ಥೇಟ್ ಹೀಗೇ ಇರುವ ಕ್ರೌನ್ ಗ್ರಾಫಿಕ್‌ನಲ್ಲಿ ಈ ಶಟರ್ ಇಲ್ಲ.

ಫ್ಲ್ಯಾಶ್ ಕಥೆ ಇನ್ನೂ ಮಜಾ. ಈ ಕ್ಯಾಮೆರಾದ ಪಕ್ಕಕ್ಕೆ ಹಾಕುವ, ಒಳಗೆ ಬ್ಯಾಟರಿ ತುಂಬುವ ಉದ್ದನೆಯ ಹಿಡಿಯನ್ನು ನೀವೆಲ್ಲ ನೋಡಿದ್ದೀರಿ. 1977ರ ಸ್ಟಾರ್ ವಾರ್ಸ್‌ನಲ್ಲಿ ಲೂಕ್ ಸ್ಕೈವಾಕರ್ ಹಿಡಿಯುವ ಬೆಳಕಿನ ಕತ್ತಿ ಅದೇ! ಸೆಟ್ ಸಿದ್ಧಪಡಿಸುತ್ತಿದ್ದ ರೋಜರ್ ಕ್ರಿಶ್ಚಿಯನ್ ಅವರಿಗೆ ಲಂಡನ್ನಿನ ಕ್ಯಾಮೆರಾ ಅಂಗಡಿಯೊಂದರಲ್ಲಿ ಆ ಹಿಡಿ ಸಿಕ್ಕಿತ್ತು. ಈಗ ಫೋಟೋ ತೆಗೆಯೋರಿಗಿಂತ ಕತ್ತಿ ಬೇಕಾದ ಅಭಿಮಾನಿಗಳೇ ಅದನ್ನು ಜಾಸ್ತಿ ಹುಡುಕ್ತಾರೆ. ಬೆಲೆ ಕೇಳಿ ನಾನು ಫ್ಲ್ಯಾಶ್ ಆಸೆ ಬಿಟ್ಟೆ.

ಎಲ್ಲೂ ಸಿಗದ ಭಾಗ ಬೇಕಾದರೆ? ಆಗ ಅದನ್ನು ಮಾಡುವ ಕೈ ಹುಡುಕಬೇಕು. ಲೆನ್ಸಿಗೂ ಫಿಲ್ಮಿಗೂ ನಡುವೆ ಮಡಿಕೆ ಮಡಿಕೆಯಾಗಿರುವ ಬೆಲೋಸ್ ಇರುತ್ತಲ್ಲ, ನಮ್ಮ ಹಾರ್ಮೋನಿಯಂನ ತಿದಿ ಇದ್ದ ಹಾಗೆ. ಈ ಹೋಲಿಕೆ ಬರೀ ಮಾತಲ್ಲ. 1940ರ ದಶಕದಲ್ಲಿ ಕೇರಳದ ಆಲಪ್ಪುಳದಲ್ಲಿ ಸಂಗೀತ ವಾದ್ಯ ರಿಪೇರಿ ಮಾಡುವ ಮನೆಯ ಕೆ. ಕರುಣಾಕರನ್ ಅವರಿಗೆ ಒಂದು ಕ್ಯಾಮೆರಾದ ಬೆಲೋಸ್ ಸರಿಮಾಡುವ ಕೆಲಸ ಬಂತು. ಅಲ್ಲಿಂದ ಮುಂದೆ ಅವರು ಇಡೀ ಕ್ಯಾಮೆರಾವನ್ನೇ ಮಾಡತೊಡಗಿದರು. ಅದೇ ವಾಗೀಶ್ವರಿ ಕ್ಯಾಮೆರಾ, ಮರ ಮತ್ತು ಹಿತ್ತಾಳೆಯದ್ದು.

ನನ್ನ ಬೆಲೋಸ್ ಪರೀಕ್ಷೆ ಮಾಡಿದ್ದು ರಾತ್ರಿ ದೀಪ ಆರಿಸಿ, ಒಳಗೆ ಫೋನಿನ ಟಾರ್ಚ್ ಇಟ್ಟು. ಒಂದು ಮೂಲೆಯಲ್ಲಿ ಸೂಜಿಮೊನೆಯಷ್ಟು ಬೆಳಕು ಸೋರ್ತಿತ್ತು. ಕಪ್ಪು ಬಟ್ಟೆ ಟೇಪ್ ಅಂಟಿಸಿದೆ. ಆಮೇಲೆ ಉಬ್ಬು ಗೆರೆ ಇರುವ ಹೋಲ್ಡರನ್ನೇ ಫೋಟೋದಲ್ಲಿ ನೋಡಿ, ಖಾತ್ರಿ ಮಾಡಿಕೊಂಡು ತರಿಸಿದೆ. ನನ್ನ ಕ್ಯಾಮೆರಾ ಅಮೆರಿಕದ್ದು, ಹೋಲ್ಡರ್ ಜಪಾನಿನದು. ಒಂದನ್ನೊಂದು ಯಾವತ್ತೂ ನೋಡಿರದ ಎರಡು ವಸ್ತುಗಳು. ಟಕ್ ಅಂತ ಕೂತವು.

ಆ ಸದ್ದು ಕೇಳಿದಾಗ ಒಂದು ಯೋಚನೆ ಬಂತು. ಈ ಕ್ಯಾಮೆರಾಕ್ಕೆ ಕಸ್ಟಮರ್ ಕೇರ್ ಇಲ್ಲ, ವಾರಂಟಿ ಇಲ್ಲ, ಮಾಡಿದ ಕಂಪನಿಯೇ ಇಲ್ಲ. ಆದರೂ ನಡೀತಿದೆ, ಯಾಕಂದ್ರೆ ಬೇರೆಯವರು ಮಾಡಿದ್ದನ್ನೂ ಒಳಗೆ ಬಿಟ್ಟುಕೊಳ್ಳುವ ಹಾಗೆ ಅದರ ಬೆನ್ನನ್ನು ಮಾಡಿದ್ದರು. ನಿಮ್ಮ ಕೈಲಿರುವ ಫೋನಿನ ಬ್ಯಾಟರಿ ಹೋದರೆ ಇನ್ನು ಹತ್ತು ವರ್ಷದ ಮೇಲೆ ಏನು ಕೂರುತ್ತೆ, ಯಾರದ್ದು ಕೂರುತ್ತೆ? ಮುಂದಿನ ಸಲ ಏನಾದ್ರೂ ಕೊಳ್ಳುವಾಗ ಈ ಪ್ರಶ್ನೆ ಕೇಳಿ ನೋಡಿ.

ಮೊದಲ ಫೋಟೋ ಹೇಗೆ ಬಂತು ಅಂತೀರಾ? ಫೋಕಸ್ ಸರಿಯಾಗಿತ್ತು. ಹೋಲ್ಡರ್ ಮುಚ್ಚಳ ತೆಗೆಯೋದನ್ನೇ ಮರೆತಿದ್ದೆ. ಎರಡನೇದು ಬಂತು. ಮತ್ತೆ ಸಿಗೋಣ.