ಸ್ಟ್ರೆಪ್ಟೋ ಪುಡಿಯ ಹಿಂದಿನ ಕಥೆ

ದಾಳಿಂಬೆಗೆ ಬ್ಲೈಟ್ ಬಂತು ಅಂದ್ರೆ ನಾವೆಲ್ಲ ಮೊದಲು ಓಡೋದು ಗೊಬ್ಬರದ ಅಂಗಡಿಗೆ. "ಸ್ಟ್ರೆಪ್ಟೋ ಎರಡು ಪ್ಯಾಕೆಟ್ ಕೊಡ್ರಿ" ಅಂತೀವಿ, ಕಾಪರ್ ಜೊತೆ ಕಲಸಿ ಹೊಡೀತೀವಿ. ಆ ಸಣ್ಣ ಪ್ಯಾಕೆಟ್ಟಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಸ್ಟ್ರೆಪ್ಟೋಮೈಸಿನ್, ಒಂದು ಪಾಲು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಔಷಧಿಗಳೇ. ಸ್ಟ್ರೆಪ್ಟೋಮೈಸಿನ್ ಅಂತೂ ಕ್ಷಯಕ್ಕೆ, ಅಂದ್ರೆ ಟಿ.ಬಿ.ಗೆ, ನಾಟಿದ ಮೊದಲ ಆಂಟಿಬಯೋಟಿಕ್. ನಮ್ಮ ಅಜ್ಜಂದಿರ ಕಾಲದಲ್ಲಿ ಟಿ.ಬಿ. ಅಂದ್ರೆ ಸಾವಿನ ಚೀಟಿ ಅನ್ನೋದು ನಿಮಗೆ ಗೊತ್ತೇ ಇದೆ.

ಇದು ಸಿಕ್ಕಿದ್ದು ತಿಪ್ಪೆಗೊಬ್ಬರ ಚೆನ್ನಾಗಿ ಹಾಕಿದ ಹೊಲದ ಮಣ್ಣಲ್ಲಿ. 1943ರ ಅಕ್ಟೋಬರ್. ಅಮೆರಿಕದ ನ್ಯೂಜೆರ್ಸಿಯ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಮಣ್ಣುವಿಜ್ಞಾನಿ ಸೆಲ್ಮನ್ ವಾಕ್ಸ್‌ಮನ್ ಅವರ ಕೈಕೆಳಗೆ ಆಲ್ಬರ್ಟ್ ಶಾಟ್ಜ್ ಅನ್ನೋ 23 ವರ್ಷದ ವಿದ್ಯಾರ್ಥಿ ಇದ್ದ. ಆ ಮಣ್ಣಿನಿಂದಲೂ, ಒಂದು ಕೋಳಿಯ ಗಂಟಲಿಂದಲೂ ಒಂದೇ ಜಾತಿಯ ಸೂಕ್ಷ್ಮಜೀವಿಯನ್ನ ಬೆಳೆಸಿದ. ಅದು ಬಿಡುವ ರಸ ಟಿ.ಬಿ. ರೋಗಾಣುವನ್ನ ತಡೀತು. 1952ರ ನೊಬೆಲ್ ಮಾತ್ರ ವಾಕ್ಸ್‌ಮನ್ ಒಬ್ಬರಿಗೇ ಹೋಯ್ತು. ನನ್ನ ಪ್ರಕಾರ ಅದು ನ್ಯಾಯ ಅಲ್ಲ, ಆದ್ರೆ ಆ ಜಗಳ ಬೇರೆ ದಿನಕ್ಕಿರಲಿ.

ಕೆಲಸ ಮಾಡೋ ರೀತಿ ಹೀಗೆ. ರೋಗಾಣುವಿನ ಒಳಗೆ ನಕ್ಷೆ ನೋಡಿ ಪ್ರೋಟೀನ್ ಕಟ್ಟುವ ಮೇಸ್ತ್ರಿ ಇದ್ದಾನೆ ಅಂದ್ಕೊಳ್ಳಿ, ಅವನ ಹೆಸರು ರೈಬೋಸೋಮ್. ಸ್ಟ್ರೆಪ್ಟೋಮೈಸಿನ್ ಹೋಗಿ ಅವನಿಗೆ ಅಂಟಿಕೊಳ್ಳುತ್ತೆ. ಮೇಸ್ತ್ರಿ ನಕ್ಷೆ ತಪ್ಪು ಓದ್ತಾನೆ, ತಪ್ಪು ಇಟ್ಟಿಗೆ ಇಡ್ತಾನೆ, ಮನೆ ಕುಸಿಯುತ್ತೆ. ನಮ್ಮ ಜೀವಕೋಶದ ಮೇಸ್ತ್ರಿ ಬೇರೆ ಥರದವನು, ಹಾಗಾಗಿ ನಾವು ಉಳೀತೀವಿ. ಆದ್ರೆ ಪೂರ್ತಿ ಅಲ್ಲ. ನಮ್ಮ ಜೀವಕೋಶದೊಳಗಿನ ಮೈಟೋಕಾಂಡ್ರಿಯಾದಲ್ಲಿ ಇರುವವನು ರೋಗಾಣುವಿನ ಮೇಸ್ತ್ರಿಯ ದಾಯಾದಿ. ಒಳಕಿವಿಯಲ್ಲಿ ಈ ಔಷಧಿ ಬಹಳ ದಿನ ನಿಂತುಬಿಡುತ್ತೆ. ಅಲ್ಲಿನ ಸೂಕ್ಷ್ಮ ಕೂದಲಿನ ಕೋಶಗಳು ಸತ್ತರೆ ಮತ್ತೆ ಹುಟ್ಟೋದಿಲ್ಲ. ಮೊದಲು ತಲೆ ತಿರುಗು, ನಡಿಗೆಯಲ್ಲಿ ತೂಕ ತಪ್ಪೋದು, ಕೆಲವರಿಗೆ ಕಿವುಡು. ಕಿಡ್ನಿಗೂ ಪೆಟ್ಟು. ಗರ್ಭಿಣಿಗೆ ಕೊಟ್ಟರೆ ಹೊಟ್ಟೆಯಲ್ಲಿರೋ ಮಗುವಿನ ಕಿವಿಗೂ ಅಪಾಯ. ತಾಯಿ ಕಡೆಯಿಂದ ಬರುವ ಒಂದು ವಂಶವಾಹಿ ದೋಷ ಇದ್ದವರಿಗೆ ಸ್ವಲ್ಪ ಔಷಧಿಯೇ ಸಾಕು.

ಇದೆಲ್ಲ ಆಮೇಲೆ ಗೊತ್ತಾದದ್ದಲ್ಲ, ಶುರುವಿನಲ್ಲೇ ಬರೆದಿಟ್ಟಿದ್ದಾರೆ. ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ 1947ರಲ್ಲಿ 107 ಟಿ.ಬಿ. ರೋಗಿಗಳನ್ನ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿತು. 55 ಜನಕ್ಕೆ ಸ್ಟ್ರೆಪ್ಟೋಮೈಸಿನ್ ಮತ್ತು ವಿಶ್ರಾಂತಿ, 52 ಜನಕ್ಕೆ ಬರೀ ವಿಶ್ರಾಂತಿ. ಆರು ತಿಂಗಳಲ್ಲಿ ಔಷಧಿ ಗುಂಪಿನಲ್ಲಿ 4 ಸಾವು, ಇನ್ನೊಂದರಲ್ಲಿ 14. ಔಷಧಿ ತಗೊಂಡವರಲ್ಲಿ 36 ಜನಕ್ಕೆ ತಲೆ ತಿರುಗು ಬಂತು. ಆದರೂ ಎಲ್ಲರೂ ಖುಷಿಪಟ್ಟರು. ಐದು ವರ್ಷ ಆದ ಮೇಲೆ ಎಣಿಸಿದರೆ? ಔಷಧಿ ಗುಂಪಿನಲ್ಲಿ 32 ಸಾವು, ಇನ್ನೊಂದರಲ್ಲಿ 35. ಅಂತರ ಹೆಚ್ಚುಕಡಿಮೆ ಅಳಿಸೇ ಹೋಗಿತ್ತು.

ಕಾರಣ ನಮಗೆ ಹೊಸದೇನಲ್ಲ. ಕೋಟಿಗಟ್ಟಲೆ ರೋಗಾಣುಗಳಲ್ಲಿ ಕೆಲವು ಮೊದಲಿನಿಂದಲೇ ಔಷಧಿಗೆ ಜಗ್ಗದವು ಇರ್ತವೆ. ಉಳಿದವು ಸತ್ತಾಗ ಇವಕ್ಕೆ ಇಡೀ ಹೊಲ ಖಾಲಿ. ಕಳೆನಾಶಕಕ್ಕೆ ಬಗ್ಗದ ಕಳೆ ಬೀಜ ಉದುರಿಸಿ ಮುಂದಿನ ವರ್ಷ ಹೊಲ ತುಂಬುತ್ತಲ್ಲ, ಹಾಗೆ. ಆಮೇಲೆ ಡಾಕ್ಟರುಗಳು ಇದನ್ನ ಒಂಟಿಯಾಗಿ ಕೊಡೋದು ಬಿಟ್ಟರು. ಪಿಎಎಸ್ ಜೊತೆ ಸೇರಿಸಿದರು, 1952ರಲ್ಲಿ ಐಸೋನಿಯಾಜಿಡ್ ಬಂತು. ಗೆದ್ದದ್ದು ಆಗ.

ತೋಟದಲ್ಲೂ ಅದೇ ಕಥೆ ನಡೆದಿದೆ. ಅಮೆರಿಕದಲ್ಲಿ 1950ರ ದಶಕದಿಂದ ಸೇಬು, ಪೇರ್ ಹಣ್ಣಿನ ಬೆಂಕಿ ಅಂಗಮಾರಿಗೆ ಸ್ಟ್ರೆಪ್ಟೋಮೈಸಿನ್ ಹೊಡೆದರು. 1971ಕ್ಕೆ ಕ್ಯಾಲಿಫೋರ್ನಿಯಾದ ಪೇರ್ ತೋಟದಲ್ಲಿ ಅದಕ್ಕೆ ಜಗ್ಗದ ರೋಗಾಣು ಸಿಕ್ಕಿತು.

ಸ್ಪ್ರೇ ಹೊಡೆದವರ ಕಿವಿ ಹೋಗುತ್ತೆ ಅಂತ ನಾನು ಹೆದರಿಸ್ತಿಲ್ಲ. ಕರುಳು ಇದನ್ನ ಬಹುತೇಕ ಹೀರಿಕೊಳ್ಳೋದಿಲ್ಲ, ಅದಕ್ಕೇ ರೋಗಿಗೆ ಸೂಜಿಯಲ್ಲೇ ಕೊಡೋದು. ಆದ್ರೆ ಈ ಇಂಜೆಕ್ಷನ್ ಕಲಸುತ್ತಿದ್ದ ನರ್ಸುಗಳ ಕೈಗೆ ಅಲರ್ಜಿಯಾಗಿ ತುರಿಕೆ ಹುಣ್ಣು ಎದ್ದದ್ದು ಅಂದಿನಿಂದಲೇ ಗೊತ್ತು. ಬರಿಗೈಲಿ ಕಲಸೋ ಅಣ್ಣಂದಿರು ಇದನ್ನ ನೋಡ್ಕೊಳ್ಳಿ.

ನನಗೆ ಚಿಂತೆ ಇನ್ನೊಂದು. ಕಂದು ಹಾಕಿದ ಹಸುವಿನಿಂದ ಮನುಷ್ಯರಿಗೆ ಬ್ರುಸೆಲ್ಲಾ ಜ್ವರ ಹತ್ತಿದಾಗ ಡಾಕ್ಟರುಗಳು ಡಾಕ್ಸಿಸೈಕ್ಲಿನ್ ಜೊತೆ ಕೊಡೋದು ಇದೇ ಸ್ಟ್ರೆಪ್ಟೋಮೈಸಿನ್. ದನಕ್ಕೂ ಪೆನಿಸಿಲಿನ್ ಜೊತೆ ಇದನ್ನೇ ಚುಚ್ಚಿಸ್ತೀವಿ. ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರಿನಲ್ಲಿ ಬೆಳೆಗೆ ಇವೆರಡನ್ನೂ ನಿಷೇಧಿಸುವ ಕರಡು ಆದೇಶ ಹೊರಡಿಸಿತು, 2024ರ ಜನವರಿಯಿಂದ ಬಳಕೆಯೇ ನಿಲ್ಲಬೇಕು ಅಂತ ಅದರಲ್ಲಿತ್ತು. ಈ ಸಲ ಚಾಟ್ನಿ ಆದ ಮೇಲೆ ನಾನು ರೋಗದ ಕಡ್ಡಿ ಕತ್ತರಿಸಿ ಸುಟ್ಟು, ಬೋರ್ಡೋ ಹೊಡೆದಿದೀನಿ. ಕಾಯಿ ಕಟ್ಟಿದ ಮೇಲೆ ಚುಕ್ಕೆ ಎಷ್ಟು ಬಂತು ಅಂತ ಇಲ್ಲೇ ಬರೀತೀನಿ.