ಯಂತ್ರದ ಕಂಠ, ಮನುಷ್ಯನ ಮಟ್ಟು

1972ರ ಬೇಸಿಗೆಯಲ್ಲಿ ಪಶ್ಚಿಮ ಯೂರೋಪಿನ ರೇಡಿಯೋಗಳನ್ನು ಒಂದು ಮಟ್ಟು ಆಳಿತು. ಅದಕ್ಕೆ ಸಾಹಿತ್ಯವಿರಲಿಲ್ಲ, ಹಾಡುವ ಕಂಠವಿರಲಿಲ್ಲ, ವೇದಿಕೆಯ ಮೇಲೆ ಮುಖ ತೋರಿಸಿ ಜನರನ್ನು ಮರುಳುಗೊಳಿಸುವ ತಾರೆಯೂ ಇರಲಿಲ್ಲ. ಸುಮಾರು ಎರಡೂವರೆ ನಿಮಿಷದ ಆ ಧ್ವನಿಮುದ್ರಿಕೆಯಲ್ಲಿ ಮೊದಲಿನಿಂದ ಕೊನೆಯವರೆಗೂ ಮುಂದೆ ನಿಂತು ಮಾತನಾಡಿದ್ದು ವಿದ್ಯುತ್ತಿನಿಂದ ನಾದ ಹೊರಡಿಸುವ ಒಂದು ಯಂತ್ರ. ಫ್ರೆಂಚರು, ಜರ್ಮನರು, ಡಚ್ಚರು, ನಾರ್ವೆಯವರು ಅದನ್ನು ತಮ್ಮದೆಂದೇ ಬಗೆದು ಕುಣಿದರು. ಅದರ ಹೆಸರು ‘ಪಾಪ್‌ಕಾರ್ನ್’. ಮೊದಲು ಮುದ್ರಿಸಿದವರು ಗರ್ಷಾನ್ ಕಿಂಗ್ಸ್‌ಲಿ. ಜಗತ್ತಿನ ಮನೆಮನೆಗೆ ಒಯ್ದವರು ‘ಹಾಟ್ ಬಟರ್’ ಎಂಬ ಹೆಸರಿನ ತಂಡ. ಯಂತ್ರದ ಸಂಗೀತ ಜನಸಾಮಾನ್ಯರ ಸಂಗೀತವಾದ ಕಥೆಯನ್ನು ಬರೆಯುವವರು ಈ ಮಟ್ಟಿನ ವಂಶಾವಳಿಯನ್ನು ಬಿಟ್ಟು ಮುಂದೆ ಹೋಗುವಂತಿಲ್ಲ.

ಆ ವಂಶಾವಳಿ ಶುರುವಾಗುವುದು ಜರ್ಮನಿಯ ರೂರ್ ಸೀಮೆಯ ಕಲ್ಲಿದ್ದಲ ನಗರವಾದ ಬೋಖುಮ್‌ನಲ್ಲಿ. 1922ರ ಅಕ್ಟೋಬರ್ 28ರಂದು ಅಲ್ಲಿನ ಒಂದು ಯಹೂದಿ ಕುಟುಂಬದಲ್ಲಿ ಗೋಟ್ಸ್ ಗುಸ್ಟಾವ್ ಕ್ಸಿನ್‌ಸ್ಕಿ ಎಂಬ ಮಗು ಹುಟ್ಟಿತು. ಹುಡುಗ ಬೆಳೆದದ್ದು ಬರ್ಲಿನ್‌ನಲ್ಲಿ. ಅವನಿಗೆ ಹತ್ತು ವರ್ಷ ತುಂಬಿದ ಕೆಲವೇ ತಿಂಗಳಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಶಾಲೆ, ಬೀದಿ, ಸಂಗೀತಸಭೆ ಹೀಗೆ ಒಂದೊಂದಾಗಿ ಎಲ್ಲ ಬಾಗಿಲುಗಳೂ ಯಹೂದಿಗಳಿಗೆ ಮುಚ್ಚತೊಡಗಿದವು. 1938ರಲ್ಲಿ, ಹದಿನೈದರ ಹರೆಯದಲ್ಲಿ, ಅವನು ತಂದೆತಾಯಿಯನ್ನು ಹಿಂದೆ ಬಿಟ್ಟು ಪ್ಯಾಲೆಸ್ಟೈನಿಗೆ ಹೊರಟ. ಅದೇ ವರ್ಷದ ನವೆಂಬರ್ 9ರ ರಾತ್ರಿ ಜರ್ಮನಿಯಾದ್ಯಂತ ಯಹೂದಿಗಳ ಪ್ರಾರ್ಥನಾಮಂದಿರಗಳಾದ ಸಿನಗಾಗ್‌ಗಳು ಹೊತ್ತಿ ಉರಿದವು, ಯಹೂದಿಗಳ ಅಂಗಡಿಗಳ ಗಾಜುಗಳು ಬೀದಿಯಲ್ಲಿ ಚೂರಾದವು. ಅವನ ಹೆತ್ತವರು ಮುಂದೆ ಕ್ಯೂಬಾದ ದಾರಿಯಾಗಿ ಅಮೆರಿಕ ಸೇರಿ ಜೀವ ಉಳಿಸಿಕೊಂಡರು.

ಪ್ಯಾಲೆಸ್ಟೈನಿನಲ್ಲಿ ಅವನಿಗೆ ನೆಲೆ ಕೊಟ್ಟದ್ದು ಐನ್ ಹರೋದ್ ಎಂಬ ಕಿಬುತ್ಸ್, ಎಂದರೆ ಹೊಲವನ್ನೂ ಊಟವನ್ನೂ ಎಲ್ಲರೂ ಹಂಚಿಕೊಳ್ಳುವ ಕೃಷಿಕರ ಸಮುದಾಯ. ಪಿಯಾನೋದ ಮೇಲೆ ಅವನ ಕೈ ಪಳಗಿದ್ದು ಅಲ್ಲಿ, ಬಹುಮಟ್ಟಿಗೆ ಸ್ವಂತ ಸಾಧನೆಯಿಂದಲೇ. ಮುಂದೆ ಜೆರುಸಲೇಮಿನಲ್ಲಿ ಸಂಗೀತ ಕಲಿತ, ಜಾಝ್ ನುಡಿಸಿದ. ಎರಡನೆಯ ಮಹಾಯುದ್ಧ ಮುಗಿದ ಮರುವರ್ಷ, 1946ರಲ್ಲಿ, ಅಮೆರಿಕದ ನೆಲ ಮೆಟ್ಟಿದ. ಗರ್ಷಾನ್ ಕಿಂಗ್ಸ್‌ಲಿ ಎಂಬ ಹೆಸರಿನಿಂದ ಅಲ್ಲಿ ಹೊಸ ಬಾಳು ಕಟ್ಟಿಕೊಂಡ. ಲಾಸ್ ಏಂಜಲೀಸ್‌ನಲ್ಲಿ ಶಾಸ್ತ್ರೀಯ ಸಂಗೀತದ ಶಿಕ್ಷಣ ಮುಗಿಸಿ ನ್ಯೂಯಾರ್ಕಿಗೆ ಬಂದು ಬ್ರಾಡ್‌ವೇ ನಾಟಕಗಳ ವಾದ್ಯವೃಂದ ನಡೆಸಿದ. ಎರಡು ಭಾಷೆ, ಎರಡು ನೆಲ, ಎರಡು ಹೆಸರುಗಳನ್ನು ದಾಟಿ ಬಂದವನ ಜೊತೆಗೆ ದಾರಿಯುದ್ದಕ್ಕೂ ಉಳಿದದ್ದು ಸಂಗೀತವೊಂದೇ.

ನ್ಯೂಯಾರ್ಕಿನಲ್ಲಿ ಕಿಂಗ್ಸ್‌ಲಿ ವ್ಯಾನ್‌ಗಾರ್ಡ್ ಎಂಬ ಧ್ವನಿಮುದ್ರಣ ಸಂಸ್ಥೆಗೆ ಸಂಗೀತ ಸಂಯೋಜಿಸುತ್ತಿದ್ದ ಕಾಲದಲ್ಲಿ ಝಾನ್ ಝಾಕ್ ಪೆರ್ರೆ ಎಂಬ ಫ್ರೆಂಚ್ ಸಂಗೀತಗಾರರ ಸ್ನೇಹವಾಯಿತು. ವೈದ್ಯಕೀಯ ಓದನ್ನು ಬಿಟ್ಟು ಸಂಗೀತಕ್ಕೆ ಬಂದ ಪೆರ್ರೆ ಅವರ ವಾದ್ಯ ಓಂಡಿಯೋಲೀನ್, ಅಂದರೆ ನಿರ್ವಾತ ನಳಿಕೆಗಳಿಂದ ನಾದ ಹೊರಡಿಸುವ ಒಂದು ಫ್ರೆಂಚ್ ಕೀಲಿಮಣೆ. ಇಬ್ಬರೂ ಕೂಡಿ ಟೇಪನ್ನು ಕತ್ತರಿಯಿಂದ ತುಂಡರಿಸಿ, ತುಂಡುಗಳನ್ನು ಮತ್ತೆ ಅಂಟಿಸಿ, ಶಬ್ದದ ಚೂರುಗಳಿಂದ ತಾಳ ಕಟ್ಟಿದರು. 1966ರಲ್ಲಿ ‘ದಿ ಇನ್ ಸೌಂಡ್ ಫ್ರಮ್ ವೇ ಔಟ್’, ಮರುವರ್ಷ ‘ಕೆಲೈಡೋಸ್ಕೋಪಿಕ್ ವೈಬ್ರೇಷನ್ಸ್’ ಹೊರಬಂದವು. ಗಂಭೀರ ಪ್ರಯೋಗಶಾಲೆಗಳಲ್ಲಿ ಪಂಡಿತರು ಎಲೆಕ್ಟ್ರಾನಿಕ್ ನಾದವನ್ನು ಕಠಿಣ ಸಂಗೀತಕ್ಕೆ ಮೀಸಲಿಟ್ಟಿದ್ದ ದಿನಗಳವು. ಇವರಿಬ್ಬರು ಅದರಿಂದ ನಗು ಹೊರಡಿಸಿದರು. ಎರಡನೆಯ ಧ್ವನಿಮುದ್ರಿಕೆಯ ‘ಬರೋಕ್ ಹೋಡೌನ್’ ಎಂಬ ಮಟ್ಟು 1972ರಿಂದ ಡಿಸ್ನಿಲ್ಯಾಂಡಿನ ದೀಪಾಲಂಕಾರದ ಮೆರವಣಿಗೆಯ ಸಂಗೀತವಾಗಿ ಮಕ್ಕಳ ಕಿವಿಗಳನ್ನು ತುಂಬಿತು.

ಆ ಹೊತ್ತಿಗೆ ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಇನ್ನೊಂದು ಸಾಹಸ ನಡೆದಿತ್ತು. ಥೆರೆಮಿನ್ ಎಂಬ ಮುಟ್ಟದೆ ನುಡಿಸುವ ವಾದ್ಯದ ಬಿಡಿಭಾಗಗಳನ್ನು ಮಾರುತ್ತಿದ್ದ ತರುಣ ಎಂಜಿನಿಯರ್ ರಾಬರ್ಟ್ ಮೋಗ್, ಸಂಗೀತಗಾರ ಹರ್ಬರ್ಟ್ ಡಾಯ್ಚ್ ಅವರ ಒತ್ತಾಸೆಯಿಂದ 1964ರಲ್ಲಿ ಹೊಸ ಯಂತ್ರವೊಂದರ ಮಾದರಿ ಕಟ್ಟಿದರು. ಅದೇ ಮೋಗ್ ಸಿಂಥಸೈಜರ್. ಅದರ ಹಿಂದಿದ್ದ ವಿಚಾರ ಸರಳ, ಪರಿಣಾಮ ಅಗಾಧ. ನಾದದ ಎತ್ತರ, ಬಣ್ಣ, ಬಲ ಈ ಮೂರನ್ನೂ ವಿದ್ಯುತ್ತಿನ ವೋಲ್ಟೇಜಿನಿಂದ ಆಳಬಹುದು ಎಂಬುದೇ ಆ ವಿಚಾರ. ಒಂದು ವೋಲ್ಟ್ ಹೆಚ್ಚಿದರೆ ಸ್ವರ ಒಂದು ಸ್ಥಾಯಿ ಮೇಲೇರುತ್ತದೆ. ಆಸಿಲೇಟರ್ ನಾದ ಹುಟ್ಟಿಸುತ್ತದೆ, ಫಿಲ್ಟರ್ ಅದರ ಬಣ್ಣವನ್ನು ತಿದ್ದುತ್ತದೆ, ಎನ್ವೆಲಪ್ ಎಂಬ ಭಾಗ ಪ್ರತಿ ಸ್ವರವೂ ಎಷ್ಟು ಬೇಗ ಮೂಡಬೇಕು, ಎಷ್ಟು ಬೇಗ ಅಳಿಯಬೇಕು ಎಂದು ಗೊತ್ತುಮಾಡುತ್ತದೆ. ಈ ಭಾಗಗಳನ್ನು ತಂತಿಗಳಿಂದ ಬೆಸೆದಾಗ ಮಾತ್ರ ವಾದ್ಯ ಬಾಯಿ ತೆರೆಯುತ್ತಿತ್ತು; ಬೆಸುಗೆ ಬದಲಾದರೆ ಧ್ವನಿಯೂ ಬದಲಾಗುತ್ತಿತ್ತು.

ಆ ಯಂತ್ರದ ಮಿತಿಗಳು ಇಂದಿನವರಿಗೆ ನಂಬಲಾಗದಷ್ಟಿದ್ದವು. ಒಂದು ಸಲಕ್ಕೆ ಒಂದೇ ಸ್ವರ ನುಡಿಯುತ್ತಿತ್ತು. ಎರಡು ಸ್ವರ ಬೇಕೆಂದರೆ ಟೇಪಿನ ಮೇಲೆ ಮತ್ತೊಂದು ಪದರ ಮುದ್ರಿಸಬೇಕಿತ್ತು. ಕೋಣೆಯ ಬಿಸಿ ಏರಿದರೆ ಶ್ರುತಿ ಜಾರುತ್ತಿತ್ತು. ಮೆಚ್ಚಿದ ಧ್ವನಿಯನ್ನು ಉಳಿಸಿಡಲು ನೆನಪಿನ ಕೋಶವಿರಲಿಲ್ಲ. ಯಾವ ತಂತಿ ಎಲ್ಲಿಂದ ಎಲ್ಲಿಗೆ, ಯಾವ ತಿರುಪು ಎಷ್ಟು ಎಂದು ಕಾಗದದಲ್ಲಿ ಗುರುತು ಹಾಕಿಕೊಳ್ಳಬೇಕಿತ್ತು. ಯಂತ್ರವೇ ಸಂಗೀತ ಮಾಡಿತು ಎಂದು ಹೇಳುವವರು ಆ ದಿನಗಳ ಶ್ರಮವನ್ನು ಅರಿಯರು. ಸಿಂಥಸೈಜರಿನ ಪ್ರತಿಯೊಂದು ಪದರದ ಹಿಂದೆಯೂ ಗಂಟೆಗಟ್ಟಲೆ ಕುಳಿತ ಮನುಷ್ಯನೊಬ್ಬನಿದ್ದ.

1968ರಲ್ಲಿ ವೆಂಡಿ ಕಾರ್ಲೋಸ್ ಅವರ ‘ಸ್ವಿಚ್ಡ್ ಆನ್ ಬಾಖ್’ ಎಂಬ ಧ್ವನಿಮುದ್ರಿಕೆ ಈ ಯಂತ್ರಕ್ಕೆ ಪ್ರತಿಷ್ಠೆ ತಂದುಕೊಟ್ಟಿತು. ಜರ್ಮನಿಯ ಮಹಾ ಸಂಗೀತಕಾರ ಬಾಖ್‌ನ ಕೃತಿಗಳನ್ನು ಮೋಗ್ ಯಂತ್ರದಲ್ಲಿ ನುಡಿಸಬಹುದೆಂದು ಜಗತ್ತಿಗೆ ತಿಳಿಯಿತು. 1969ರಲ್ಲಿ ಬೀಟಲ್ಸ್ ತಮ್ಮ ‘ಅಬ್ಬೀ ರೋಡ್’ನಲ್ಲಿ ಅದನ್ನು ಬಳಸಿದರು. ಅದೇ ವರ್ಷ ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲೂ ಒಂದು ಮೋಗ್ ನೆಲೆಗೊಂಡಿತು. ಅದನ್ನು ಅಲ್ಲಿ ಅಣಿಗೊಳಿಸಿದವರು ಅಮೆರಿಕದ ಸಂಗೀತಗಾರ ಡೇವಿಡ್ ಟ್ಯೂಡರ್. ಯಂತ್ರ ಭೂಖಂಡಗಳನ್ನು ದಾಟಿತ್ತು. ಆದರೂ ಅದು ಇನ್ನೂ ಹಳೆಯ ಸಂಗೀತದ ಅತಿಥಿಯಾಗಿತ್ತು, ಇಲ್ಲವೇ ಸಂಶೋಧಕರ ಒಡನಾಡಿಯಾಗಿತ್ತು. ಅದರ ಕಂಠಕ್ಕೆಂದೇ ಹುಟ್ಟಿ, ಹಾದಿಹೋಕನ ನಾಲಗೆಯ ಮೇಲೆ ನಿಲ್ಲುವ ಮಟ್ಟೊಂದು ಬರಬೇಕಿತ್ತು.

ಆ ಕೆಲಸ ಕಿಂಗ್ಸ್‌ಲಿಯವರ ಪಾಲಿಗೆ ಬಂತು. 1969ರಲ್ಲಿ ಆಡಿಯೋ ಫಿಡೆಲಿಟಿ ಸಂಸ್ಥೆ ಅವರ ‘ಮ್ಯೂಸಿಕ್ ಟು ಮೋಗ್ ಬೈ’ ಎಂಬ ಧ್ವನಿಮುದ್ರಿಕೆಯನ್ನು ಹೊರತಂದಿತು. ಬೀಟಲ್ಸರ ಹಾಡುಗಳ, ಬೀಥೋವನ್‌ನ ಕೃತಿಯೊಂದರ ಮರುರೂಪಗಳ ನಡುವೆ ಕಿಂಗ್ಸ್‌ಲಿಯವರ ಸ್ವಂತ ರಚನೆಯಾಗಿ ‘ಪಾಪ್‌ಕಾರ್ನ್’ ಅದರಲ್ಲಿತ್ತು. ಎನ್ವೆಲಪ್ಪನ್ನು ಬಿಗಿಹಿಡಿದದ್ದರಿಂದ ಪ್ರತಿ ಸ್ವರವೂ ತಟ್ಟನೆ ಮೂಡಿ ತಟ್ಟನೆ ಮುಗಿಯುತ್ತದೆ. ಕಾದ ಬಾಣಲೆಯಲ್ಲಿ ಜೋಳದ ಅರಳು ಸಿಡಿದಂತೆ ಸ್ವರಗಳು ಬಿಡಿಬಿಡಿಯಾಗಿ ಹಾರುತ್ತವೆ. ಮಟ್ಟು ಇರುವುದು ಮೈನರ್ ಶ್ರೇಣಿಯಲ್ಲಿ. ಪಾಶ್ಚಾತ್ಯ ಸಂಗೀತದಲ್ಲಿ ದುಃಖಕ್ಕೆ, ಗಾಂಭೀರ್ಯಕ್ಕೆ ಹೆಸರಾದ ಶ್ರೇಣಿ ಅದು. ಪೂರ್ವ ಯೂರೋಪಿನ ಯಹೂದಿ ಸಂಗೀತವನ್ನು ಕೇಳಿದವರಿಗೆ ಈ ಗುಣ ಹೊಸದಲ್ಲ. ಮದುವೆಮನೆಯ ಕುಣಿತದಲ್ಲೂ ಅಲ್ಲಿ ಮೈನರ್ ಸ್ವರಗಳೇ ಮೇಳವಿಸುತ್ತವೆ. ಕುಣಿಸುವ ಲಯ, ಒಳಗೊಂದು ವಿಷಾದದ ಎಳೆ ಎರಡೂ ಕೂಡಿದ್ದರಿಂದಲೇ ಈ ಮಟ್ಟು ಕೇಳಿದಷ್ಟೂ ಹಳಸುವುದಿಲ್ಲ ಎಂದು ನಾನು ನಂಬುತ್ತೇನೆ.

ಬಂದ ಕೂಡಲೇ ಅದು ಜಗತ್ತನ್ನು ಗೆಲ್ಲಲಿಲ್ಲ. ಕಿಂಗ್ಸ್‌ಲಿ ಅದಕ್ಕಾಗಿ ಕಾಯುತ್ತ ಕೂರಲೂ ಇಲ್ಲ. ಸ್ಟುಡಿಯೋದ ಗೋಡೆಗಳೊಳಗೆ ಪದರ ಪದರವಾಗಿ ಕಟ್ಟಬೇಕಾದ ಸಂಗೀತವನ್ನು ಸಭಿಕರ ಕಣ್ಣೆದುರು ನುಡಿಸಿ ತೋರಿಸಬೇಕೆಂಬುದು ಅವರ ಹಂಬಲವಾಯಿತು. ನಾಲ್ಕು ಯಂತ್ರ, ನಾಲ್ವರು ವಾದಕರನ್ನು ಕೂಡಿಸಿ ‘ಫಸ್ಟ್ ಮೋಗ್ ಕ್ವಾರ್ಟೆಟ್’ ಕಟ್ಟಿದರು. 1970ರ ಜನವರಿ 30ರಂದು ಆ ಮೇಳ ನ್ಯೂಯಾರ್ಕಿನ ಕಾರ್ನೆಗೀ ಹಾಲ್‌ನಲ್ಲಿ ಕಛೇರಿ ನಡೆಸಿತು. ಪಿಯಾನೋ, ಪಿಟೀಲುಗಳ ಮಹಾಮಹಿಮರು ನುಡಿಸಿದ್ದ ಆ ವೇದಿಕೆಯ ಮೇಲೆ ತಂತಿಗಳ ಜಾಲ ಹೊತ್ತ ಪೆಟ್ಟಿಗೆಗಳು ನಿಂತವು. ಸಿಂಫನಿ ವಾದ್ಯವೃಂದದ ಜೊತೆ ನಾಲ್ಕು ಸಿಂಥಸೈಜರುಗಳು ನುಡಿಯುವ ‘ಕಾನ್ಸರ್ಟೋ ಮೋಗೋ’ ಎಂಬ ಕೃತಿಯನ್ನೂ ಕಿಂಗ್ಸ್‌ಲಿ ಮುಂದೆ ರಚಿಸಿದರು.

ಆ ಮೇಳದ ವಾದಕರಲ್ಲಿ ಒಬ್ಬರು ಸ್ಟಾನ್ ಫ್ರೀ. ಜಾಝ್ ಪಿಯಾನೋ ನುಡಿಸಿ, ಸ್ಟುಡಿಯೋಗಳಲ್ಲಿ ದುಡಿದು ಪಳಗಿದ್ದ ಕೈ ಅವರದು. ‘ಪಾಪ್‌ಕಾರ್ನ್’ ಬಂದು ಮೂರು ವರ್ಷವಾದ ಮೇಲೆ, 1972ರಲ್ಲಿ, ‘ಹಾಟ್ ಬಟರ್’ ಎಂಬ ಹೆಸರಿನಲ್ಲಿ ಕೂಡಿದ ಸ್ಟುಡಿಯೋ ಸಂಗೀತಗಾರರ ಜೊತೆ ಅವರು ಅದನ್ನು ಹೊಸದಾಗಿ ಮುದ್ರಿಸಿದರು. ಪ್ರಕಟಿಸಿದ್ದು ಮ್ಯೂಸಿಕಾರ್ ಸಂಸ್ಥೆ. ಮಟ್ಟು ಕಿಂಗ್ಸ್‌ಲಿಯವರದೇ, ಯಂತ್ರ ಮೋಗ್‌ನದೇ. ಫ್ರೀ ಅದಕ್ಕೆ ಹೆಚ್ಚು ಸ್ವಚ್ಛವಾದ ಧ್ವನಿ ಕೊಟ್ಟರು. ಅದರ ಕೆಳಗೆ ಮನುಷ್ಯ ಕೈಯಿಂದ ಬಾರಿಸಿದ ಡ್ರಮ್ಮಿನ ಗಟ್ಟಿ ಲಯ ನಿಂತಿತು. ಕಿವಿಗೊಟ್ಟು ಕೇಳುವ ವಿನೋದವಾಗಿದ್ದದ್ದು ಕಾಲೆತ್ತಿ ಕುಣಿಯುವ ಸಂಗೀತವಾಯಿತು.

ಆಮೇಲಿನದು ದಿಗ್ವಿಜಯ. ಫ್ರಾನ್ಸ್, ಪಶ್ಚಿಮ ಜರ್ಮನಿ, ನೆದರ್ಲೆಂಡ್ಸ್, ಸ್ವಿಟ್ಜರ್ಲೆಂಡ್, ನಾರ್ವೆ, ದೂರದ ಆಸ್ಟ್ರೇಲಿಯಾ ಎಲ್ಲೆಡೆ ಜನಪ್ರಿಯತೆಯ ಪಟ್ಟಿಯಲ್ಲಿ ಅದು ಮೊದಲ ಸ್ಥಾನಕ್ಕೇರಿತು. ಬ್ರಿಟನ್ನಿನಲ್ಲಿ 5ನೆಯ, ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 9ನೆಯ ಸ್ಥಾನ ಪಡೆಯಿತು. ಫ್ರಾನ್ಸ್ ಒಂದರಲ್ಲೇ ಹತ್ತು ಲಕ್ಷ ಪ್ರತಿ, ಜಗತ್ತಿನಲ್ಲಿ ಒಟ್ಟು ಇಪ್ಪತ್ತು ಲಕ್ಷಕ್ಕೂ ಮೀರಿ ಮಾರಾಟವಾಯಿತು. ಅನುಕರಣೆಗಳಿಗೆ ಲೆಕ್ಕವಿರಲಿಲ್ಲ. ಫ್ರಾನ್ಸಿನಲ್ಲಿ ‘ಅನಾರ್ಕಿಕ್ ಸಿಸ್ಟಮ್’, ಇಟಲಿಯಲ್ಲಿ ‘ಲಾ ಸ್ಟ್ರಾನಾ ಸೊಚಿಯೆತಾ’ ಅದನ್ನು ತಮ್ಮ ರೀತಿಯಲ್ಲಿ ನುಡಿಸಿದವು. ಆಗಿನ್ನೂ ಹೆಸರಾಗದಿದ್ದ ಝಾನ್ ಮಿಶೆಲ್ ಝಾರ್ ಕೂಡ ಬೇರೆ ಹೆಸರಿನಡಿ ಅದನ್ನು ಮುದ್ರಿಸಿದರು. ನಾಲ್ಕು ವರ್ಷಗಳ ಬಳಿಕ ‘ಆಕ್ಸಿಜೆನ್’ ಮೂಲಕ ಎಲೆಕ್ಟ್ರಾನಿಕ್ ಸಂಗೀತದ ದೊರೆಯೆನಿಸಿದವರು ಇದೇ ಝಾರ್. ಕಿಂಗ್ಸ್‌ಲಿ ತಾವೂ ತಮ್ಮ ಮೇಳದೊಂದಿಗೆ ಅದನ್ನು ಮತ್ತೊಮ್ಮೆ ಮುದ್ರಿಸಿದರು.

ಈ ಗೆಲುವಿನ ಕಾರಣಗಳು ಸ್ಪಷ್ಟವಾಗಿವೆ. ಸಾಹಿತ್ಯವಿಲ್ಲದ ಮಟ್ಟಿಗೆ ಗಡಿಯಲ್ಲಿ ತಡೆಯಿಲ್ಲ. ಪ್ಯಾರಿಸ್ಸಿನವನೂ ಓಸ್ಲೋದವನೂ ಒಂದೇ ಸಲಕ್ಕೆ ಅದನ್ನು ಕಲಿತರು. ಯುದ್ಧದ ಗಾಯ ಮಾಸುತ್ತಿದ್ದ ಯೂರೋಪಿನಲ್ಲಿ ಡಿಸ್ಕೋಥೆಕ್‌ಗಳು ಹೆಚ್ಚುತ್ತಿದ್ದವು. ವಾದ್ಯಗಾರರ ದಂಡಿಲ್ಲದೆ, ತಟ್ಟೆ ತಿರುಗಿಸಿ ಕುಣಿಸುವ ಆ ಮನೆಗಳಿಗೆ ನಿಯತ ಲಯದ ಇಂಥ ಮುದ್ರಿಕೆಯೇ ಬೇಕಿತ್ತು. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟು ಮೂರು ವರ್ಷವಾಗಿತ್ತು. ಯಂತ್ರದ ಧ್ವನಿ ಜನರಿಗೆ ನಾಳೆಯ ಧ್ವನಿಯಾಗಿ ಕೇಳಿಸುತ್ತಿತ್ತು. ಇವೆಲ್ಲಕ್ಕಿಂತ ಮಿಗಿಲಾದ ಕಾರಣ ರಚನೆಯ ಗುಣ. ಸಿಂಥಸೈಜರಿನ ವಿಚಿತ್ರ ಶಬ್ದಗಳನ್ನು ಮೆರೆಸಲೆಂದೇ ಹೊರಬಂದ ಎಷ್ಟೋ ಮುದ್ರಿಕೆಗಳು ಆ ವಿಚಿತ್ರ ಹಳತಾದೊಡನೆ ಮರೆಯಾದವು. ಕಿಂಗ್ಸ್‌ಲಿ ಬರೆದದ್ದು ಪಿಯಾನೋದಲ್ಲೂ ನಿಲ್ಲುವ, ಸಿಳ್ಳೆಯಲ್ಲೂ ನಿಲ್ಲುವ ಮಟ್ಟು. ಅದಕ್ಕೇ ಅದು ಉಳಿಯಿತು.

ಅದರ ಸಂತತಿ ದೊಡ್ಡದು. 1977ರಲ್ಲಿ ಸಂಗೀತ ನಿರ್ಮಾಪಕ ಜಾರ್ಜಿಯೋ ಮೊರೋಡರ್ ಮ್ಯೂನಿಕ್‌ನಲ್ಲಿ ಮೋಗ್ ಯಂತ್ರದಿಂದ ಗಾಯಕಿ ಡೊನಾ ಸಮ್ಮರ್ ಅವರ ‘ಐ ಫೀಲ್ ಲವ್’ ಹಾಡನ್ನು ಕಟ್ಟಿದಾಗ, ಸಿಂಥಸೈಜರಿನ ನಾದಕ್ಕೆ ಕುಣಿಯುವುದು ಯೂರೋಪಿಗೆ ಹೊಸದಾಗಿರಲಿಲ್ಲ. 1982ರಲ್ಲಿ ‘ಪೆಂಗೋ’ ಎಂಬ ವಿಡಿಯೋ ಆಟ, ಅದರ ಮರುವರ್ಷ ‘ಡಿಗ್ಗರ್’ ಎಂಬ ಕಂಪ್ಯೂಟರ್ ಆಟ ‘ಪಾಪ್‌ಕಾರ್ನ್’ ಅನ್ನೇ ಹಿನ್ನೆಲೆಯಾಗಿಸಿಕೊಂಡವು. ಒಂದು ಸಲಕ್ಕೆ ಒಂದೇ ಸ್ವರ ನುಡಿಸಬಲ್ಲ ಕಂಪ್ಯೂಟರ್ ಸ್ಪೀಕರಿಗೆ, ಒಂದೇ ಸ್ವರ ನುಡಿಸಬಲ್ಲ ಯಂತ್ರಕ್ಕೆಂದು ಹುಟ್ಟಿದ ಮಟ್ಟು ಹೇಳಿ ಮಾಡಿಸಿದ ಹಾಗಿತ್ತು. 2005ರಲ್ಲಿ ‘ಕ್ರೇಜಿ ಫ್ರಾಗ್’ ಎಂಬ ಕಾರ್ಟೂನ್ ಕಪ್ಪೆಯ ಹೆಸರಿನಲ್ಲಿ ಅದು ಮತ್ತೆ ಯೂರೋಪಿನ ಪಟ್ಟಿಗಳನ್ನೇರಿತು. ಮೂರು ತಲೆಮಾರುಗಳು ಮೂರು ಬೇರೆ ಬೇರೆ ಬಾಗಿಲಿನಿಂದ ಒಂದೇ ಮಟ್ಟನ್ನು ಒಳಕರೆದುಕೊಂಡವು.

ಇಷ್ಟಾದರೂ ಮಟ್ಟನ್ನು ಬಲ್ಲ ಬಹುಮಂದಿ ಅದನ್ನು ರಚಿಸಿದವರ ಹೆಸರನ್ನು ಅರಿಯರು. ಕಿಂಗ್ಸ್‌ಲಿ ಅದರ ಕೀರ್ತಿಗೇ ಅಂಟಿಕೊಂಡು ಬಾಳಲಿಲ್ಲ. ಸಿನಗಾಗಿನ ಪ್ರಾರ್ಥನೆಗಳಿಗೆ ಸಂಗೀತ ಕೂಡಿಸಿದರು. ನಾಜಿ ಶಿಬಿರಗಳಲ್ಲಿ ಬಂದಿಗಳು ಬರೆದ ಕವಿತೆಗಳನ್ನು ‘ವಾಯ್ಸಸ್ ಫ್ರಮ್ ದ ಶ್ಯಾಡೋ’ ಎಂಬ ಕೃತಿಯಲ್ಲಿ ಹಾಡಾಗಿಸಿದರು. ಹಂಗೆರಿಯ ಸಾವಿರಾರು ಯಹೂದಿಗಳ ಪ್ರಾಣ ಉಳಿಸಿದ ಸ್ವೀಡನ್ನಿನ ರಾಜತಾಂತ್ರಿಕ ರಾವುಲ್ ವಾಲೆನ್‌ಬರ್ಗ್ ಅವರನ್ನು ಕುರಿತು ಆಪೆರಾ ಬರೆದರು. 2019ರ ಡಿಸೆಂಬರ್ 10ರಂದು, 97ರ ವಯಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಈ ಕೃತಿಗಳನ್ನೂ ಆ ಪುಟ್ಟ ಮಟ್ಟನ್ನೂ ಬರೆದ ಕೈ ಒಂದೇ ಎಂಬುದನ್ನು ಮರೆತರೆ ‘ಪಾಪ್‌ಕಾರ್ನ್’ ನಮಗೆ ಬರೀ ಆಟಿಕೆಯಾಗಿ ಕಾಣುತ್ತದೆ.

ಚರಿತ್ರೆ ನ್ಯಾಯವಾಗಿ ಹಂಚಬೇಕಾದ ಪಾಲು ಹೀಗಿದೆ: ಕಂಠ ಕೊಟ್ಟವರು ಮೋಗ್, ಮಟ್ಟು ಕೊಟ್ಟವರು ಕಿಂಗ್ಸ್‌ಲಿ, ನಡಿಗೆ ಕೊಟ್ಟವರು ಸ್ಟಾನ್ ಫ್ರೀ. ಯಂತ್ರಗಳು ಸಂಗೀತವನ್ನು ನುಂಗಿಬಿಡುತ್ತವೆ ಎಂಬ ಭಯ ಆಗಲೂ ಇತ್ತು, ಈಗಲೂ ಇದೆ. ಆ ಭಯಕ್ಕೆ ಈ ಚರಿತ್ರೆಯಲ್ಲಿ ಉತ್ತರವಿದೆ. ಮೋಗ್ ಪೆಟ್ಟಿಗೆ ಐದು ವರ್ಷ ಪ್ರಯೋಗಶಾಲೆಗಳಲ್ಲೂ ಸ್ಟುಡಿಯೋಗಳಲ್ಲೂ ಇತ್ತು. ಊರು ಬಿಟ್ಟು ಬಂದ ಸಂಗೀತಗಾರನೊಬ್ಬ ತನ್ನ ಕಲಿಕೆಯನ್ನೆಲ್ಲ ಅದರೊಳಗೆ ಸುರಿದ ಮೇಲಷ್ಟೇ ಅದು ಬೀದಿಯ ಜನರ ವಾದ್ಯವಾಯಿತು. ಹೊಸ ವಾದ್ಯ ಬಂದಾಗಲೆಲ್ಲ ನಾವು ಕೇಳಬೇಕಾದದ್ದು ಅದು ಏನೇನು ಮಾಡಬಲ್ಲದು ಎಂದಲ್ಲ, ಅದರ ಮುಂದೆ ಕೂರಲು ಎಂಥವರನ್ನು ಬೆಳೆಸಿದ್ದೇವೆ ಎಂದು.